ವರ್ತನೆಗೆ ಬರುವ ಸುದ್ದಿ



ಚೆನ್ನೈನ ವಡಪಳನಿಯಲ್ಲಿ ಮುರುಗನ ಗುಡಿಯ ಕಡೆಗೆ ಹೊರಳುವ ಬೀದಿಯಲ್ಲಿ, ಹೂವು ಹಣ್ಣುಕಾಯಿ ಅಂಗಡಿಗಳ ಸಾಲು ದಾಟಿದ ಮೇಲೆ, ಮೊದಲ ಮಹಡಿಯಲ್ಲಿ ಒಂದು ಪುಟ್ಟ ಪ್ರವಾಸ ಕಚೇರಿಯಿದೆ. ಅದರ ಯಜಮಾನರು ಸುಳ್ಯದ ಕಡೆಯವರು. ಈ ಊರಿಗೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಇಲ್ಲಿಂದ ಕುಕ್ಕೆ ಸುಬ್ರಹ್ಮಣ್ಯ, ಧರ್ಮಸ್ಥಳ, ಕೊಲ್ಲೂರಿಗೆ ಭಕ್ತರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತಿರುಗಿ ತಂದು ಬಿಡುವುದು ಅವರ ಕಸುಬು. ಇಲ್ಲಿ ಮುರುಗ, ಅಲ್ಲಿ ಸುಬ್ರಹ್ಮಣ್ಯ. ಕರೆಯುವ ಹೆಸರು ಬೇರೆ, ದೇವರು ಒಬ್ಬನೇ, ನಡುವೆ ಒಂದು ರಾತ್ರಿಯ ಪಯಣ. ನಾನು ಅದೇ ಬಡಾವಣೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸದಲ್ಲಿರುವವನು, ಮೈಸೂರಿನ ಕಡೆಯವನು.

ಒಂದು ಮಳೆಗಾಲದ ಬೆಳಿಗ್ಗೆ ಅವರ ಫೋನು ಬಂತು. "ಒಮ್ಮೆ ಬನ್ನಿ ಮಾರಾಯ್ರೆ, ನನ್ನ ಅಂಗಡಿಯ ಬಾಗಿಲಲ್ಲೇ ನನ್ನ ಗಿರಾಕಿಗಳನ್ನು ಹೆದರಿಸುವ ಹಾಗೆ ಆಗಿದೆ" ಎಂದರು. ಹೋಗಿ ನೋಡಿದೆ. ಅವರ ವೆಬ್‌ಸೈಟನ್ನು ಹಿಂದೆ ಬೇರೆ ಯಾರೋ ಮಾಡಿಕೊಟ್ಟಿದ್ದರು. ಪುಟದ ಬಲಗಡೆ 'ಇತ್ತೀಚಿನ ಸುದ್ದಿ' ಎಂಬ ಒಂದು ಚೌಕ. ಅದರೊಳಗಿನ ಸಾಲುಗಳು ಎಲ್ಲಿಂದಲೋ ತಾವಾಗಿಯೇ ಬಂದು ಬೀಳುತ್ತಿದ್ದವು. ಆ ದಿನ ಎಲ್ಲಕ್ಕೂ ಮೇಲಿದ್ದ ಸಾಲು, ಘಟ್ಟದಲ್ಲಿ ಬಸ್ಸು ಉರುಳಿ ಜನ ಸತ್ತ ಸುದ್ದಿ. ಅದರ ಕೆಳಗೇ, ಎರಡು ಬೆರಳಿನಷ್ಟು ಅಂತರದಲ್ಲಿ, 'ನಿಮ್ಮ ಸೀಟು ಕಾಯ್ದಿರಿಸಿ' ಎಂಬ ಗುಂಡಿ. ಉರುಳಿದ್ದು ಇವರ ಬಸ್ಸಲ್ಲ, ಆ ಘಟ್ಟ ಇವರ ದಾರಿಯದೂ ಅಲ್ಲ, ಸಾವಿರ ಮೈಲಿಗೂ ಹೆಚ್ಚು ದೂರದ ಹಿಮಾಲಯದ ಕಡೆಯದು. ಆದರೆ ಬೆಳಿಗ್ಗೆಯಿಂದ ನಾಲ್ಕು ಮನೆಯವರು ಫೋನು ಮಾಡಿ, "ಅಣ್ಣಾ, ಉಂಗ ಬಸ್ಸಾ?" ಎಂದು ಕೇಳಿದ್ದರು. ಒಬ್ಬ ತಾಯಿ ಟಿಕೆಟನ್ನೇ ರದ್ದು ಮಾಡಿಸಿದ್ದರು.

"ಇದನ್ನು ಹಾಕಿಸಿದ್ದು ಯಾಕೆ ಯಜಮಾನ್ರೇ?" ಎಂದು ಕೇಳಿದೆ. "ಸೈಟು ಜೀವಂತ ಕಾಣ್ತದೆ ಅಂದ್ರು. ದಿನಾ ಹೊಸತು ಬಂದರೆ ಗೂಗಲ್‌ನಲ್ಲಿ ಮೇಲೆ ಬರ್ತೀರಿ ಅಂದ್ರು. ನಾನು ಹೌದೆಂದು ನಂಬಿದೆ" ಎಂದರು. ಅವರ ಮುಖದಲ್ಲಿದ್ದ ಸಂಕಟ ನೋಡಿ ನನಗೆ ಕೆಡುಕೆನಿಸಿತು. ಸತ್ತವರ ಸುದ್ದಿಯ ಕೆಳಗೆ ತಾನು ಟಿಕೆಟ್ ಮಾರುತ್ತಿದ್ದೆನಲ್ಲ ಎಂಬ ನೋವು ಅದು. ಹೋದ ಟಿಕೆಟಿನ ಹಣದ ಮಾತನ್ನು ಅವರು ಆಡಲೇ ಇಲ್ಲ.

ಆ ಚೌಕದ ಹಿಂದಿರುವ ವ್ಯವಸ್ಥೆಗೆ ಫೀಡ್ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಅದನ್ನು ಅರ್ಥಮಾಡಿಸಲು ನಾನು ಒಂದು ಹಳೆಯ ಮಾತನ್ನು ಬಳಸುತ್ತೇನೆ: ವರ್ತನೆ. ನಡತೆ ಎಂಬ ಅರ್ಥದ್ದಲ್ಲ. ವರ್ತನೆ ಹಾಲು, ವರ್ತನೆ ಹೂವು ಎನ್ನುತ್ತೇವಲ್ಲ, ಆ ವರ್ತನೆ. ಹೂವಾಡಗಿತ್ತಿಗೆ ನಾವು ಒಂದು ಸಲ ಹೇಳಿಟ್ಟರೆ ಸಾಕು, ದಿನಾ ಬೆಳಿಗ್ಗೆ ಒಂದು ಮೊಳ ಮಲ್ಲಿಗೆ ಬಾಗಿಲ ಚಿಲಕದಲ್ಲಿ ತೂಗುತ್ತಿರುತ್ತದೆ. ನಾವು ಮಾರುಕಟ್ಟೆಗೆ ಹೋಗಿ ಹುಡುಕಬೇಕಿಲ್ಲ. ಫೀಡ್ ಎಂದರೆ ಸುದ್ದಿಯ ವರ್ತನೆ. ಒಂದು ಕಡೆ ಬರೆದಿಟ್ಟದ್ದು, ಹೇಳಿಟ್ಟವರ ಬಾಗಿಲಿಗೆಲ್ಲ ತಲುಪುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಹೂವಾಡಗಿತ್ತಿ ಮನೆಮನೆಗೆ ನಡೆಯುವುದಿಲ್ಲ. ಮನೆಯವರ ಕಡೆಯ ಯಂತ್ರವೇ ಗಂಟೆಗೊಮ್ಮೆ ಆಕೆಯ ಬುಟ್ಟಿಯ ಹತ್ತಿರ ಹೋಗಿ, "ಹೊಸತೇನಾದರೂ ಬಂತೇ?" ಎಂದು ವಿಚಾರಿಸಿಕೊಂಡು ಬರುತ್ತದೆ. ಇಲ್ಲವೆಂದರೆ 304 ಎಂಬ ಒಂದು ಸಂಖ್ಯೆ ಉತ್ತರವಾಗಿ ಬರುತ್ತದೆ. ಹಿಂದೆ ತಂದದ್ದೇ ಸರಿ, ಬದಲಾವಣೆ ಇಲ್ಲ ಎಂದು ಅದರ ಅರ್ಥ. ಇದ್ದರೆ ಹೊಸ ಸಾಲುಗಳು ಬರುತ್ತವೆ.

ವರ್ತನೆ ಹೂವು ಹಾಕಿಸಿಕೊಳ್ಳುವವರು ಒಂದನ್ನು ಮಾತ್ರ ಮರೆಯುವುದಿಲ್ಲ. ಯಾರಿಂದ, ಯಾವ ಹೂವು, ಎಷ್ಟು ಮೊಳ ಎಂಬುದನ್ನು ಮನೆಯವರೇ ನಿಶ್ಚಯಿಸುತ್ತಾರೆ. ಯಾರೋ ಎಸೆದದ್ದನ್ನೆಲ್ಲ ತಂದು ದೇವರ ಮುಡಿಗೇರಿಸುವುದಿಲ್ಲ. ಯಜಮಾನರ ವೆಬ್‌ಸೈಟಿನಲ್ಲಿ ತಪ್ಪಿದ್ದು ಇಷ್ಟೇ.

ಈ ವಿಷಯ ಮಾತಾಡಲು ವಡಪಳನಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಕಾರಣ ಹೇಳುತ್ತೇನೆ. ನನ್ನ ವಯಸ್ಸಿನ ಕನ್ನಡಿಗರಲ್ಲಿ ಅನೇಕರು ವಡಪಳನಿ ಎಂಬ ಹೆಸರನ್ನು ಮೊದಲು ಓದಿದ್ದು ಒಂದು ಮಕ್ಕಳ ಮಾಸಪತ್ರಿಕೆಯ ವಿಳಾಸದಲ್ಲಿ. ಚಂದಮಾಮ ಬಿಲ್ಡಿಂಗ್ಸ್, ವಡಪಳನಿ, ಮದ್ರಾಸು-26. ನಮ್ಮೂರಿನ ವಾಚನಾಲಯದಲ್ಲಿ ಕೈಯಿಂದ ಕೈಗೆ ಹೋಗಿ ಅಂಚು ಹರಿದ ಆ ಪುಟಗಳಲ್ಲಿ, ಆ ವಿಳಾಸ ಮಾತ್ರ ನನಗೆ ಬಾಯಿಪಾಠವಾಗಿತ್ತು. ಮುಂದೊಂದು ದಿನ ಆ ಕಟ್ಟಡವಿದ್ದ ಆರ್ಕಾಟ್ ರಸ್ತೆಯಲ್ಲೇ ಬಾಡಿಗೆ ಮನೆ ಹುಡುಕುತ್ತೇನೆ ಎಂದು ಆಗ ಗೊತ್ತಿರಲಿಲ್ಲ.

ಬಿ. ನಾಗಿ ರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗಿನಲ್ಲಿ 'ಚಂದಮಾಮ', ತಮಿಳಿನಲ್ಲಿ 'ಅಂಬುಲಿಮಾಮ' ಎಂದು ಆ ಪತ್ರಿಕೆ ತೆಗೆದರು. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಒಂದು ತಿಂಗಳಿತ್ತು. ಬೇಗನೇ ಕನ್ನಡ ಬಂತು, ಹಿಂದಿ ಬಂತು, ಆಮೇಲೆ ಮರಾಠಿ, ಮಲಯಾಳ, ಗುಜರಾತಿ, ಒಡಿಯಾ, ಬಂಗಾಳಿ, ಸಂಸ್ಕೃತ, ಕೊನೆಗೆ ಸಂತಾಲಿಯವರೆಗೆ. ವಿಜಯಾ-ವಾಹಿನಿ ಸ್ಟುಡಿಯೋ ನಡೆಸುತ್ತಿದ್ದ ಮನೆತನವೇ ಇದನ್ನೂ ನಡೆಸಿತು. ಕನ್ನಡ ಚಿತ್ರಗಳೂ ಆಗ ಇದೇ ಸುತ್ತಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ನಮ್ಮ ನಟರು, ಸಂಗೀತಗಾರರು ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿ ಇಲ್ಲಿಗೆ ಬರುತ್ತಿದ್ದರು.

ಒಂದು ಪತ್ರಿಕೆ ಇಷ್ಟು ಭಾಷೆಗಳಿಗೆ ಹೇಗೆ ಹೋಯಿತು ಎಂಬುದು ನನ್ನ ಮಾತಿಗೆ ಬೇಕಾದ ಸಂಗತಿ. ಕಥೆ ಹೆಚ್ಚಾಗಿ ತೆಲುಗಿನಲ್ಲಿ ಸಿದ್ಧವಾಗುತ್ತಿತ್ತು. ಕೊಡವಟಿಗಂಟಿ ಕುಟುಂಬರಾಯರು 1952ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು. ಚಿತ್ರ ಒಂದೇ ಸಲ ಬರೆಸುವುದು. ಚಿತ್ರಾ, ಶಂಕರ್, ವಡ್ಡಾದಿ ಪಾಪಯ್ಯ, ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ, ಇವರ ಕೈಯಿಂದ ಬಂದ ಒಂದೇ ಚಿತ್ರ ಎಲ್ಲ ಭಾಷೆಗೂ. ಕತ್ತಿ ಹಿಡಿದು, ಹೆಣವನ್ನು ಹೆಗಲಿಗೇರಿಸಿಕೊಂಡು ಮಸಣದಲ್ಲಿ ನಡೆಯುವ ವಿಕ್ರಮನನ್ನು ಶಂಕರ್ ಬರೆದರು. ಬಳ್ಳಾರಿಯ ಹುಡುಗನೂ ಮಧುರೆಯ ಹುಡುಗಿಯೂ ಕಟಕದ ಮಗುವೂ ಕಂಡದ್ದು ಅದೇ ಹೆಗಲು, ಅದೇ ಕತ್ತಿ. ಶಂಕರ್ 2020ರಲ್ಲಿ ತೀರಿಕೊಂಡಾಗ, ಒಬ್ಬರ ಭಾಷೆ ಒಬ್ಬರಿಗೆ ಬಾರದವರೆಲ್ಲ ಒಂದೇ ಚಿತ್ರವನ್ನು ನೆನೆದು ದುಃಖಪಟ್ಟರು.

ಒಂದು ಮೂಲ, ಹಲವು ಬಾಗಿಲು. ಬಂದದ್ದನ್ನು ಹಾಗೇ ಸುರಿಯುವ ಪದ್ಧತಿಯೂ ಅಲ್ಲಿರಲಿಲ್ಲ. ಕನ್ನಡದ ಪುಟಕ್ಕೆ ಕನ್ನಡ ಬಲ್ಲವರೊಬ್ಬರು ಕುಳಿತು, ಚಿತ್ರದ ಪಕ್ಕದ ಜಾಗಕ್ಕೆ ಹೊಂದುವಂತೆ, ನಮ್ಮ ಮಕ್ಕಳ ಕಿವಿಗೆ ಹಿತವಾಗುವಂತೆ ಆ ಕಥೆಯನ್ನು ಕನ್ನಡದಲ್ಲಿ ಕೂರಿಸಬೇಕಿತ್ತು. ಹಾಗೆ ಕೂರಿಸಿದ್ದರಿಂದಲೇ ನಾವು ಅದನ್ನು ನಮ್ಮ ಪತ್ರಿಕೆ ಎಂದುಕೊಂಡು ಬೆಳೆದೆವು. ತೆಲುಗಿನಿಂದ ಬಂದದ್ದೆಂದು ಎಷ್ಟೋ ಮಂದಿಗೆ ಇವತ್ತಿಗೂ ಗೊತ್ತಿಲ್ಲ. ಹೊರಗಿನ ಫೀಡನ್ನು ತನ್ನ ಪುಟಕ್ಕೆ ತರುವ ವ್ಯಾಪಾರಿಗೆ ನಾನು ತೋರಿಸುವ ಮೇಲ್ಪಂಕ್ತಿ ಇದು. ನಡುವೆ ಒಬ್ಬ ಮನುಷ್ಯ ಕೂತಿರಬೇಕು.

ಇನ್ನು ಕಂಪ್ಯೂಟರಿನ ಫೀಡಿನ ಹುಟ್ಟಿಗೂ ಈ ಊರಿಗೂ ಒಂದು ನಂಟಿದೆ. ವಡಪಳನಿಯಿಂದ ಮೆಟ್ರೋ ಹತ್ತಿದರೆ ಕೆಲವೇ ನಿಲ್ದಾಣಗಳಾಚೆ ಗಿಂಡಿ. ಅದರ ಆಚೆಗೆ, ಜಿಂಕೆಗಳು ಓಡಾಡುವ ಕಾಡಿನ ನಡುವೆ ಐಐಟಿ. ಅಲ್ಲಿ 1986ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದ ರಾಮನಾಥನ್ ಗುಹಾ, ನೆಟ್‌ಸ್ಕೇಪ್ ಕಂಪನಿಯಲ್ಲಿ ಡ್ಯಾನ್ ಲಿಬ್ಬಿ ಎಂಬವರ ಜೊತೆ 1999ರ ಮಾರ್ಚಿನಲ್ಲಿ ಫೀಡಿನ ಒಂದು ಬಗೆಯಾದ ಆರ್‌ಎಸ್‌ಎಸ್‌ನ ಮೊದಲ ರೂಪವನ್ನು ಹೊರತಂದರು. ಬೇರೆ ಬೇರೆ ಸೈಟುಗಳ ತಲೆಬರಹಗಳನ್ನು ಓದುಗ ತನ್ನ ಒಂದೇ ಪುಟದಲ್ಲಿ ಜೋಡಿಸಿಕೊಳ್ಳಲಿ ಎಂಬುದು ಉದ್ದೇಶ. ಎರಡೇ ವರ್ಷದಲ್ಲಿ ಆ ಕಂಪನಿ ತನ್ನ ಪುಟದಿಂದ ಅದನ್ನು ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಬೀಜ ಊರೆಲ್ಲ ಚೆಲ್ಲಿತ್ತು. ಡೇವ್ ವೈನರ್ ಅದನ್ನು ಬೆಳೆಸಿದರು, 2002ರಲ್ಲಿ ಆರ್‌ಎಸ್‌ಎಸ್ 2.0 ಬಂತು. ಆಟಮ್ ಎಂಬ ಇನ್ನೊಂದು ಬಗೆ 2005ರ ಡಿಸೆಂಬರಿನಲ್ಲಿ ಸ್ಥಿರವಾಯಿತು. ಆರನ್ ಸ್ವಾರ್ಟ್ಜ್ ಎಂಬ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲೇ ಈ ಕೆಲಸದ ಒಂದು ತಂಡದಲ್ಲಿದ್ದ. ಯಾವ ಒಬ್ಬ ಧಣಿಯ ಸ್ವತ್ತೂ ಆಗದೆ ಉಳಿದದ್ದೇ ಅದರ ಆಯುಸ್ಸಿಗೆ ಕಾರಣ.

ಒಳಗೆ ಏನಿರುತ್ತದೆ ಎಂದರೆ, ಬಹಳ ಸರಳ. ಎಕ್ಸ್‌ಎಂಎಲ್ ಎಂಬ ಬಗೆಯ ಒಂದು ಬರೀ ಅಕ್ಷರದ ಕಡತ. ಮೇಲುಗಡೆ ಸೈಟಿನ ಹೆಸರು, ವಿಳಾಸ. ಕೆಳಗೆ ಒಂದೊಂದೇ ಬಾಬು. ಪ್ರತಿ ಬಾಬಿಗೂ ತಲೆಬರಹ, ಕೊಂಡಿ, ನಾಲ್ಕು ಸಾಲಿನ ಸಾರಾಂಶ, ಹೊರಟ ಸಮಯ, ಮತ್ತು ಒಂದು ಗುರುತಿನ ಸಂಖ್ಯೆ. ಒಮ್ಮೆ ತಂದದ್ದನ್ನು ಯಂತ್ರ ಮತ್ತೆ ಹೊಸದೆಂದು ತರದಿರಲು ಆ ಗುರುತು. ಬಣ್ಣವಿಲ್ಲ, ಅಲಂಕಾರವಿಲ್ಲ. ದಿನಸಿ ಅಂಗಡಿಯ ಚೀಟಿಯಷ್ಟು ನೇರ.

ಯಜಮಾನರ ಕಚೇರಿಯಲ್ಲಿ ಅಂದು ಮಧ್ಯಾಹ್ನದವರೆಗೂ ಕುಳಿತೆವು. ಮೊದಲು ಆ ಚೌಕವನ್ನು ಕಿತ್ತೆ. ಅದು ಕೂತಿದ್ದ ರೀತಿಯೇ ಅಪಾಯದ್ದು. ಹೊರಗಿನವರ ಒಂದು ಸ್ಕ್ರಿಪ್ಟನ್ನು ಪುಟದೊಳಗೆ ಬಿಟ್ಟುಕೊಂಡಿದ್ದರು. ಆ ಸ್ಕ್ರಿಪ್ಟು ಏನು ತಂದು ಹಾಕಿದರೂ, ಗಿರಾಕಿಯ ಕಂಪ್ಯೂಟರಿಗೆ ಅದು ಯಜಮಾನರೇ ಕೊಟ್ಟ ಹಾಗೆ. ಆ ಮೂಲದವರ ಸೈಟು ಯಾರದೋ ಕೈಗೆ ಸಿಕ್ಕರೆ, ಇವರ ಮನೆಯ ಕೀಲಿಕೈಯೂ ಸಿಕ್ಕಂತೆ. ಹಣ ಪಾವತಿಸುವ ಪುಟವಿರುವ ಸೈಟಿನಲ್ಲಂತೂ ಇದನ್ನು ಮಾಡಲೇಬಾರದು. ಗೂಗಲ್‌ನಲ್ಲಿ ಮೇಲೆ ಬರುತ್ತೀರಿ ಎಂಬ ಮಾತೂ ಹುಸಿ. ಊರಿಗೆಲ್ಲ ಸಿಗುವ ಸಾಲುಗಳನ್ನೇ ತಂದು ತುಂಬಿದ ಪುಟಕ್ಕೆ ಗೂಗಲ್ ಬೆಲೆ ಕೊಡುವುದಿಲ್ಲ. ನಕಲಿನ ಮೇಲೆ ನಿಮ್ಮದೇನಾದರೂ ಸೇರಿದ್ದರೆ ಮಾತ್ರ ಬೆಲೆ ಎಂದು ಅವರೇ ಬರೆದಿಟ್ಟಿದ್ದಾರೆ. ಇನ್ನೊಂದು ಮಾತು, ಹಕ್ಕಿನದು. ಫೀಡು ಎಲ್ಲರಿಗೂ ತೆರೆದಿದೆ ಎಂದ ಮಾತ್ರಕ್ಕೆ ವ್ಯಾಪಾರದ ಪುಟದಲ್ಲಿ ಹಾಕಿಕೊಳ್ಳಬಹುದೆಂದಲ್ಲ. ಸ್ವಂತ ಓದಿಗೆ ಮಾತ್ರ ಎಂದು ಅನೇಕ ಪತ್ರಿಕೆಗಳು ಷರತ್ತಿನಲ್ಲಿ ಹೇಳಿರುತ್ತವೆ. ಬರೆದವರ ಬರಹಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಯಿದೆ. ಒಂದು ಪತ್ರ ಬರೆದು ಒಪ್ಪಿಗೆ ಕೇಳಬೇಕು, ಸಿಗದಿದ್ದರೆ ಬಿಡಬೇಕು. ನೆರೆಮನೆಯ ಗಿಡದ ಹೂವನ್ನು ಕೇಳದೆ ಕೊಯ್ದು ಮಾರುವವರಲ್ಲವಲ್ಲ ನಾವು.

ಆಮೇಲೆ ನಾನು ಅವರನ್ನು ಕೇಳಿದೆ: "ನಿಮಗೆ ಬರುವ ಫೋನುಗಳಲ್ಲಿ ಗಿರಾಕಿಗಳು ಏನು ಕೇಳ್ತಾರೆ?" ಅವರು ಉತ್ತರಿಸುವ ಮೊದಲೇ ಕಚೇರಿಯಲ್ಲಿ ಫೋನು ತೆಗೆಯುವ ಹುಡುಗಿ ತಮಿಳಿನಲ್ಲಿ ಪಟಪಟನೆ ಹೇಳಿದಳು. ಘಟ್ಟದಲ್ಲಿ ಮಳೆ ಹೇಗಿದೆ? ರಸ್ತೆ ತೆರೆದಿದೆಯೇ? ಬಸ್ಸು ಇವತ್ತು ಎಲ್ಲಿ ನಿಲ್ಲುತ್ತದೆ? ಈ ಮೂರೇ. ಹತ್ತು ಫೋನಿನಲ್ಲಿ ಏಳೆಂಟು ಇದಕ್ಕೇ ಎಂದಳು.

ಮೂರನೆಯ ಪ್ರಶ್ನೆಗೆ ಕಾರಣ ವಡಪಳನಿಯವರಿಗೆ ಹೇಳಬೇಕಿಲ್ಲ. 2015ರ ಜೂನ್ 29ರಂದು ಆಲಂದೂರಿನಿಂದ ಕೋಯಂಬೇಡಿಗೆ ಮೆಟ್ರೋ ಓಡತೊಡಗಿ ವಡಪಳನಿಗೂ ನಿಲ್ದಾಣ ಬಂತು. ನಮ್ಮ ಈ ಮಾತುಕತೆಯ ಹೊತ್ತಿಗೆ ಎರಡನೆಯ ಹಂತದ ದಾರಿಗಾಗಿ ಆರ್ಕಾಟ್ ರಸ್ತೆಯ ಉದ್ದಕ್ಕೂ ಅಗೆದು ಕಂಬ ನಿಲ್ಲಿಸುವ ಕೆಲಸ ನಡೆದಿತ್ತು. ಇಂದು ಬಸ್ಸು ನಿಂತ ಜಾಗದಲ್ಲಿ ನಾಳೆ ತಗಡಿನ ಬೇಲಿ. ಮುದುಕರು, ಮಕ್ಕಳು, ಹರಕೆಯ ಗಂಟು ಹೊತ್ತವರು ರಾತ್ರಿಯಲ್ಲಿ ಬಸ್ಸು ಹುಡುಕುತ್ತಾ ಅಲೆಯಬೇಕಿತ್ತು. ಇನ್ನು ರಸ್ತೆಯ ಮಾತು. ಚೆನ್ನೈನಿಂದ ಹೊರಟ ಬಸ್ಸು ಬೆಂಗಳೂರು, ಹಾಸನ, ಸಕಲೇಶಪುರ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಟ್ಟ ಇಳಿದು ಗುಂಡ್ಯದಲ್ಲಿ ಕುಕ್ಕೆಗೆ ತಿರುಗುತ್ತದೆ. ಮಳೆಗಾಲದಲ್ಲಿ ಆ ಘಟ್ಟ ಕುಸಿಯುವುದು, ಮುಚ್ಚುವುದು ಹೊಸದಲ್ಲ. ಆಗ ಮೈಸೂರು, ಮಡಿಕೇರಿ, ಸಂಪಾಜೆಯ ಮೇಲೆ ಸುಳ್ಯಕ್ಕೆ ಇಳಿಯಬೇಕು. ಅಲ್ಲಿಯೂ ಮಣ್ಣು ಜಾರಿದರೆ ಪಯಣವನ್ನೇ ಮುಂದೂಡಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಎರಡೂ ಕಡೆಯ ದಾರಿ ಕಟ್ಟಿತು. ಇಂಥ ದಿನ ಗಿರಾಕಿಗೆ ಬೇಕಾದದ್ದು ಲೋಕದ ಸುದ್ದಿಯಲ್ಲ, ತನ್ನ ದಾರಿಯ ಸುದ್ದಿ.

ಹೊರಗಿನಿಂದ ತರಲು ಒಂದೇ ಒಂದು ಫೀಡನ್ನು ಆರಿಸಿಕೊಂಡೆವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಎಂಬ ವ್ಯವಸ್ಥೆ ಮಳೆ, ಪ್ರವಾಹ, ಸಿಡಿಲಿನ ಎಚ್ಚರಿಕೆಗಳನ್ನು ಫೀಡಿನ ರೂಪದಲ್ಲಿ ಕೊಡುತ್ತದೆ. ಎಚ್ಚರಿಕೆ ಯಾವ ಪ್ರದೇಶಕ್ಕೆ, ಎಷ್ಟು ತೀವ್ರ, ಎಲ್ಲಿಯವರೆಗೆ ಎಂಬುದನ್ನು ಯಂತ್ರ ಓದುವಂತೆ ಬರೆದಿರುವುದರಿಂದ ಬೇಕಾದದ್ದನ್ನು ಸೋಸಿಕೊಳ್ಳಬಹುದು. ದಕ್ಷಿಣ ಕನ್ನಡ, ಹಾಸನ, ಕೊಡಗು ಮತ್ತು ಚೆನ್ನೈ, ಇಷ್ಟಕ್ಕೆ ಸಂಬಂಧಪಟ್ಟದ್ದು ಮಾತ್ರ ಒಳಗೆ ಬರಲಿ ಎಂದು ಸೋಸಿದೆ. ಸ್ಕ್ರಿಪ್ಟಿನಿಂದಲ್ಲ, ನಮ್ಮದೇ ಸರ್ವರ್ ಹೋಗಿ ತಂದು, ಬರೀ ಅಕ್ಷರ ಉಳಿಸಿಕೊಂಡು ಉಳಿದದ್ದನ್ನು ಕಳೆದು, ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಮೂಲದವರ ಸರ್ವರ್ ಕೆಟ್ಟು ನಿಂತರೂ ನಮ್ಮ ಪುಟ ತೆರೆಯುತ್ತದೆ. ಎಚ್ಚರಿಕೆಯ ಅವಧಿ ಮುಗಿದರೆ ಸಾಲು ತಾನಾಗಿ ಮರೆಯಾಗುತ್ತದೆ. ಈ ಕೊನೆಯದರ ಬಗ್ಗೆ ನಾನು ತುಂಬ ಹಟ ಹಿಡಿಯುತ್ತೇನೆ. ಮೂಲ ವಿಳಾಸ ಬದಲಾಗಿ, ಯಾರೂ ಗಮನಿಸದೆ, ಎಂಟು ತಿಂಗಳ ಹಿಂದಿನ ಭಾರೀ ಮಳೆಯ ಎಚ್ಚರಿಕೆಯನ್ನು ಬೇಸಿಗೆಯಲ್ಲೂ ತೋರಿಸುತ್ತಿದ್ದ ಪುಟಗಳನ್ನು ನೋಡಿದ್ದೇನೆ. ಬಾಡಿದ ಹೂವನ್ನು ಚಿಲಕದಿಂದ ತೆಗೆಯದ ಮನೆಗೆ ಯಾರೂ ಬಂದು ಹೋಗುತ್ತಿಲ್ಲವೆಂದು ದಾರಿಹೋಕರಿಗೂ ತಿಳಿಯುತ್ತದೆ.

ಇತರ ಕಸುಬಿನವರಿಗೂ ಇಂಥ ಮೂಲಗಳಿವೆ. ಭಾರತೀಯ ರಿಸರ್ವ್ ಬ್ಯಾಂಕು ತನ್ನ ಪ್ರಕಟಣೆಗಳನ್ನು ಫೀಡಿನಲ್ಲಿ ಕೊಡುತ್ತದೆ. ಲೆಕ್ಕಪತ್ರ ನೋಡುವವರಿಗೆ, ಚಿನ್ನದ ಸಾಲ ಕೊಡುವವರಿಗೆ ಅದು ಬೇಕಾದದ್ದು. ಕೇಂದ್ರ ಸರ್ಕಾರದ ವಾರ್ತಾ ಶಾಖೆಯೂ ಕೊಡುತ್ತದೆ.

ಯಜಮಾನರ ಕಚೇರಿಯಲ್ಲಿ ಮಾತ್ರ, ಹೊರಗಿನ ಫೀಡು ತರುವುದು ನಮ್ಮ ಕೆಲಸದ ದೊಡ್ಡ ಪಾಲಾಗಿರಲಿಲ್ಲ. ಹೊರಗಿನಿಂದ ತರುವುದಕ್ಕಿಂತ ಹೊರಕ್ಕೆ ಕೊಡುವುದು ಮುಖ್ಯ ಎಂದು ನಾನು ಯಜಮಾನರಿಗೆ ಹೇಳಿದೆ. ರಸ್ತೆ, ಮಳೆ, ಬಸ್ಸು ನಿಲ್ಲುವ ಜಾಗ; ಇವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಕಲೇಶಪುರದ ಚಹದಂಗಡಿಯವರು, ಗುಂಡ್ಯದ ಪಂಕ್ಚರ್ ಅಂಗಡಿಯವರು, ಎದುರಿನಿಂದ ಬರುವ ಡ್ರೈವರುಗಳು ಇವರಿಗೆ ಗಂಟೆಗೊಮ್ಮೆ ಹೇಳುತ್ತಾರೆ. ಆ ಅರಿವೆಲ್ಲ ಫೋನಿನ ಮಾತಿನಲ್ಲಿ ಕರಗಿ ಹೋಗುತ್ತಿತ್ತು. "ನೀವು ದಿನಕ್ಕೆ ಮೂರು ಸಾಲು ಬರೆಯಿರಿ. ಇವತ್ತಿನ ದಾರಿ, ಇವತ್ತಿನ ಮಳೆ, ಇವತ್ತಿನ ನಿಲುಗಡೆ" ಎಂದೆ. "ನಾನು ಬರೆಯುವವನಲ್ಲ ಮಾರಾಯ್ರೆ" ಎಂದರು. "ಫೋನಿನಲ್ಲಿ ಹೇಳ್ತೀರಲ್ಲ, ಅದೇ" ಎಂದೆ.

ಅವರು ಕನ್ನಡದಲ್ಲಿ ಬರೆಯುತ್ತಾರೆ, ಕಚೇರಿಯ ಹುಡುಗಿ ಅದನ್ನೇ ತಮಿಳಿನಲ್ಲಿ ಬರೆಯುತ್ತಾಳೆ. ಒಂದು ಸಲ ಬರೆದದ್ದು ವೆಬ್‌ಸೈಟಿನ ಮೊದಲ ಪುಟಕ್ಕೆ ಹೋಗುತ್ತದೆ. ಅದೇ ಫೀಡಿನಿಂದ ಅಂಬತ್ತೂರಿನಲ್ಲಿ ಟಿಕೆಟ್ ಮಾಡಿಕೊಡುವ ಅಂಗಡಿಯವರ ಸೈಟಿಗೂ, ತಾಂಬರದ ಭಜನಾ ಮಂಡಳಿಯವರ ಪುಟಕ್ಕೂ, ಇಮೇಲ್ ಬೇಕೆಂದವರ ಪೆಟ್ಟಿಗೆಗೂ ಹೋಗುತ್ತದೆ. ಬೇರೆ ಬೇರೆ ಕಡೆ ಹತ್ತು ಸಲ ಬರೆಯುವ ಕೆಲಸವಿಲ್ಲ. ತಪ್ಪಿದ್ದರೆ ಒಂದು ಕಡೆ ತಿದ್ದಿದರೆ ಮುಂದಿನ ಸುತ್ತಿನಲ್ಲಿ ಎಲ್ಲ ಕಡೆಯೂ ತಿದ್ದಿದಂತೆ. ಚಂದಮಾಮದ ಕಾರ್ಖಾನೆ ಮಾಡುತ್ತಿದ್ದುದನ್ನು, ಅದೇ ಆರ್ಕಾಟ್ ರಸ್ತೆಯ ಪಕ್ಕದಲ್ಲಿ, ಎರಡು ಕುರ್ಚಿಯ ಕಚೇರಿ ತನ್ನ ಅಳತೆಗೆ ಮಾಡುತ್ತಿದೆ ಎಂದು ನೆನೆದಾಗ ನನಗೆ ಮೈ ನವಿರೇಳುತ್ತದೆ.

ಕನ್ನಡದ ಅಕ್ಷರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಈ ಕೆಲಸಕ್ಕೆ ಬಂದ ಕಾಲದಲ್ಲಿ ಕನ್ನಡದ ಅನೇಕ ಸೈಟುಗಳು ತಮ್ಮದೇ ಫಾಂಟಿನಲ್ಲಿ ಬರೆಯುತ್ತಿದ್ದವು. ಅವರ ಪುಟದಲ್ಲಿ ಚೆಂದದ ಕನ್ನಡ. ಅಲ್ಲಿಂದ ಸಾಲನ್ನು ಹೊರಕ್ಕೆ ತೆಗೆದರೆ ಬರೀ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೀಡು ಅಕ್ಷರವನ್ನು ಮಾತ್ರ ಹೊರುತ್ತದೆ, ಫಾಂಟನ್ನು ಹೊರುವುದಿಲ್ಲ. ಹೀಗಾಗಿ ಯುನಿಕೋಡ್ ನಮ್ಮಲ್ಲಿ ಬಳಕೆಗೆ ಬರುವವರೆಗೂ ಕನ್ನಡದ ಫೀಡು ನಿಜವಾಗಿ ಹುಟ್ಟಲೇ ಇಲ್ಲ. 1991ರ ಮೊದಲ ಯುನಿಕೋಡಿನಲ್ಲೇ ಕನ್ನಡಕ್ಕೆ ಜಾಗವಿತ್ತು. ನಮ್ಮ ಮನೆ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಮೇಲೆ. ಇವತ್ತಿಗೂ ಮುದ್ರಣಕ್ಕೆಂದು ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿದ್ದನ್ನೇ ವೆಬ್‌ಸೈಟಿಗೂ ಅಂಟಿಸುವ ಅಂಗಡಿಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮಾತು ನಿಮ್ಮ ಹೊಸಿಲು ದಾಟುವುದಿಲ್ಲ.

ಮೊದಲ ವಾರವೇ ನಾನು ಒಂದು ತಪ್ಪು ಮಾಡಿದೆ. ಫೀಡಿನ ಪ್ರತಿ ಬಾಬಿನಲ್ಲೂ ಸಮಯ ಬರೆದು, ಅದು ಯಾವ ದೇಶದ ಗಡಿಯಾರ ಎಂಬುದನ್ನೂ ಬರೆಯಬೇಕು. ನಮ್ಮದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ನಾನು ಆ ಐದೂವರೆ ಗಂಟೆಯ ಗುರುತನ್ನು ಹಾಕಿರಲಿಲ್ಲ. ಸಂಜೆ ಆರಕ್ಕೆ ಯಜಮಾನರು ಬರೆದ 'ಈಗಿನ ನಿಲುಗಡೆ' ಅಂಬತ್ತೂರಿನ ಅಂಗಡಿಯ ಪುಟದಲ್ಲಿ ರಾತ್ರಿ ಹನ್ನೊಂದೂವರೆಯದಾಗಿ ಕಂಡಿತು. ಒಂದು ಕುಟುಂಬ ಅದನ್ನು ಬಸ್ಸು ಹೊರಡುವ ಸಮಯವೆಂದುಕೊಂಡು ತಡವಾಗಿ ಬಂತು. ಮಳೆಯಲ್ಲಿ ಮಗುವನ್ನೆತ್ತಿಕೊಂಡು ಬಂದ ಅವರ ಮುಂದೆ ನಿಂತು ಕ್ಷಮೆ ಕೇಳಿದೆ. ಬಸ್ಸು ಹೋಗಿಯಾಗಿತ್ತು. ಆ ರಾತ್ರಿಯೇ ಸರಿಪಡಿಸಿದೆ, ಮತ್ತು ಅಂದಿನಿಂದ ಸಮಯವನ್ನು ಬಾಬಿನ ಮೂಲೆಗೆ ಬಿಡದೆ ಸಾಲಿನೊಳಗೇ ಬಾಯಿಮಾತಿನಂತೆ ಬರೆಸುತ್ತೇನೆ: 'ಇಂದು ರಾತ್ರಿ 8ಕ್ಕೆ ಹೊರಡುತ್ತದೆ.'

ಫೇಸ್‌ಬುಕ್, ವಾಟ್ಸಾಪ್ ಇರುವಾಗ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಯಜಮಾನರೂ ಕೇಳಿದರು. ಅವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ನೀವು ಬರೆದದ್ದು ನಿಮ್ಮ ಗಿರಾಕಿಗೆ ಕಾಣಬೇಕೇ ಬೇಡವೇ ಎಂಬುದನ್ನು ನಡುವಿನ ಕಂಪನಿ ನಿಶ್ಚಯಿಸುತ್ತದೆ. ಇವತ್ತು ಪುಕ್ಕಟೆ ತೋರಿಸಿದ್ದಕ್ಕೆ ನಾಳೆ ಹಣ ಕೇಳಬಹುದು. ಫೀಡಿನಲ್ಲಿ ನಿಮಗೂ ಓದುವವರಿಗೂ ನಡುವೆ ಯಾರೂ ಇಲ್ಲ. ನಾನೂ ಒಂದು ಪೆಟ್ಟು ತಿಂದಿದ್ದೇನೆ. 2005ರಲ್ಲಿ ಬಂದ ಗೂಗಲ್ ರೀಡರ್ ಎಂಬ ಓದುಪೆಟ್ಟಿಗೆಯಲ್ಲಿ ನನ್ನ ಬೆಳಗಿನ ಓದೆಲ್ಲ ಇತ್ತು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ಮನೆಗೆ ಬರುತ್ತಿದ್ದ ಪೇಪರಿನ ಹುಡುಗ ಇದ್ದಕ್ಕಿದ್ದಂತೆ ಊರು ಬಿಟ್ಟ ಹಾಗಾಯಿತು. ಆದರೆ ಮೂಲ ಫೀಡುಗಳೆಲ್ಲ ಹಾಗೆಯೇ ಇದ್ದವು. ನಾನು ಆ ವಿಳಾಸಗಳ ಪಟ್ಟಿಯನ್ನು ಇಳಿಸಿಕೊಂಡು ಬೇರೆ ಓದುಪೆಟ್ಟಿಗೆಗೆ ಹಾಕಿದೆ, ಒಂದು ಸುದ್ದಿಯೂ ತಪ್ಪಲಿಲ್ಲ. ಪೆಟ್ಟಿಗೆ ಹೋದರೂ ಮೂಲ ಉಳಿದಿದ್ದರೆ ಬದುಕಬಹುದು.

ಮೂಲವೇ ಹೋದರೆ? ಅದನ್ನೂ ವಡಪಳನಿ ಕಂಡಿದೆ. 1998ರಲ್ಲಿ ಚಂದಮಾಮ ಒಮ್ಮೆ ನಿಂತಿತು, ಮರುವರ್ಷ ಮತ್ತೆ ಹೊರಟಿತು. 2007ರಲ್ಲಿ ಮುಂಬೈಯ ಜಿಯೋಡೆಸಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡಿತು. ಹಳೆಯ ಸಂಚಿಕೆಗಳನ್ನು ಅಂತರ್ಜಾಲಕ್ಕೆ ಏರಿಸಿದರು; ನಮ್ಮ ಬಾಲ್ಯ ತಿರುಗಿ ಸಿಕ್ಕಿತೆಂದು ನಾವೆಲ್ಲ ಹಿಗ್ಗಿದೆವು. 2013ರ ಹೊತ್ತಿಗೆ ಪತ್ರಿಕೆ ನಿಂತೇ ಹೋಯಿತು. ಇವತ್ತು ಆ ಪುಟಗಳು ಸಿಗುವುದು, ತಮ್ಮ ಅಟ್ಟದಲ್ಲಿ ಕಟ್ಟು ಕಟ್ಟಿಟ್ಟಿದ್ದ ಓದುಗರು ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿ ಉಳಿಸಿದ್ದರಿಂದ. ಇದನ್ನು ನೆನೆದೇ ನಾನು ಯಜಮಾನರ ಸೈಟಿನ ಹೆಸರನ್ನು ಅವರ ಹೆಸರಿನಲ್ಲೇ ನೋಂದಾಯಿಸಿ, ಗುಪ್ತಪದವನ್ನು ಅವರ ಕೈಯಲ್ಲೇ ಬರೆಸಿ, ಅವರ ಮನೆಯ ಬೀರುವಿನಲ್ಲಿ ಇಡಿಸಿದ್ದೇನೆ. ಅವರು ಬರೆದ ಸಾಲುಗಳ ಪ್ರತಿ ತಿಂಗಳಿಗೊಮ್ಮೆ ಅವರ ಕಂಪ್ಯೂಟರಿಗೆ ಇಳಿಯುತ್ತದೆ. ಐದು ಮಳೆಗಾಲದ ಶಿರಾಡಿ ಘಟ್ಟದ ದಿನಚರಿ ಈಗ ಅವರ ಹತ್ತಿರ ಇದೆ. ಯಾವ ವಾರ ರಸ್ತೆ ಕೆಡುತ್ತದೆ, ಯಾವ ವಾರ ಬಸ್ಸು ಬಿಡಬಾರದು ಎಂದು ಅದನ್ನು ನೋಡಿ ನಿಶ್ಚಯಿಸುತ್ತಾರೆ.

ಬಾನುಲಿಯ ಕೇಳುಗರಿಗೆ ಇನ್ನೊಂದು ಸಂಗತಿ. ಪಾಡ್‌ಕಾಸ್ಟ್ ಎಂದು ಈಗ ಎಲ್ಲರೂ ಕೇಳುತ್ತೀರಲ್ಲ, ಅದೂ ಇದೇ ಫೀಡಿನ ಮಗು. ಬಾಬಿನ ಜೊತೆ ಒಂದು ಧ್ವನಿಯ ಕಡತವನ್ನು ಲಗತ್ತಿಸುವ ಅನುಕೂಲವನ್ನು 2000ದಲ್ಲೇ ಸೇರಿಸಿದ್ದರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದಾಗ ಕೇಳುಗ ಆ ಗಳಿಗೆಗೆ ಪೆಟ್ಟಿಗೆಯ ಮುಂದೆ ಇರಬೇಕಿತ್ತು. ಈಗ ದನಿಯೂ ವರ್ತನೆಗೆ ಬಂದು ಚಿಲಕದಲ್ಲಿ ಕಾದಿರುತ್ತದೆ. ಓದಲು ಬಾರದ ಹಿರಿಯರಿಗಾಗಿ ಯಜಮಾನರು ಈಚೆಗೆ ತಮ್ಮ ಮೂರು ಸಾಲನ್ನು ಬಾಯಲ್ಲೂ ಹೇಳಿ ಸೇರಿಸುತ್ತಿದ್ದಾರೆ. ಸುಳ್ಯದ ಸೊಗಡು ಅಂಟಿದ ತಮಿಳು; ಕೇಳಲು ಬಲು ಹಿತ.

ಕಳೆದ ಮಳೆಗಾಲದ ಒಂದು ಶುಕ್ರವಾರ ಮಧ್ಯಾಹ್ನ ಘಟ್ಟದಲ್ಲಿ ಮ‌ಣ್ಣು ಜಾರಿದೆಯೆಂದು ಸಕಲೇಶಪುರದಿಂದ ಡ್ರೈವರೊಬ್ಬರು ಫೋನು ಮಾಡಿದರು. ಸಚೇತ್‌ನ ಎಚ್ಚರಿಕೆ ಬೆಳಿಗ್ಗೆಯೇ ಪುಟದಲ್ಲಿತ್ತು. ಯಜಮಾನರು ಇನ್ನಿಬ್ಬರನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡು ಬರೆದರು: ಶಿರಾಡಿ ಬಂದ್, ಇವತ್ತು ಮಡಿಕೇರಿ ಸಂಪಾಜೆ ಮೇಲೆ ಹೋಗುತ್ತೇವೆ, ಎರಡು ಗಂಟೆ ಹೆಚ್ಚು ಹಿಡಿಯುತ್ತದೆ, ಬೇಡವೆಂದವರಿಗೆ ಪೂರ್ತಿ ಹಣ ವಾಪಸ್. ಹುಡುಗಿ ಅದನ್ನು ತಮಿಳಿನಲ್ಲಿ ಬರೆದು ಸೇರಿಸಿದಳು. ರಾತ್ರಿ ಏಳೂವರೆಗೆ ನಾನೂ ಮೆಟ್ರೋ ನಿಲ್ದಾಣದ ಕೆಳಗೆ ಹೋಗಿ ನಿಂತೆ. ಮೂವತ್ತಾರು ಮಂದಿಯಲ್ಲಿ ಇಬ್ಬರು ಬಂದಿರಲಿಲ್ಲ. ಉಳಿದವರೆಲ್ಲ ತಿಳಿದೇ ಬಂದಿದ್ದರು. ಒಬ್ಬ ಅಜ್ಜಿ ಸೆರಗಿನಲ್ಲಿ ಸುತ್ತಿದ ಮಲ್ಲಿಗೆ ದಂಡೆಯನ್ನು ಎದೆಗವಚಿಕೊಂಡು ಬಸ್ಸಿನ ಮೆಟ್ಟಿಲು ಹತ್ತುತ್ತಾ, ಡ್ರೈವರನ್ನು ಕೇಳಿದರು: "ಸಂಪಾಜೆ ವಳಿಯಾ ತಾನೇ ತಂಬಿ?" ಡ್ರೈವರು ಹೌದೆಂದು ತಲೆಯಾಡಿಸಿದ. ಯಜಮಾನರು ಮಳೆಗೆ ಫೋನನ್ನು ಅಂಗೈಯಲ್ಲಿ ಮರೆಮಾಡಿಕೊಂಡು, ಬಸ್ಸು ಹೊರಟ ಸಮಯವನ್ನು ಬರೆಯುತ್ತಿದ್ದರು.